ಆಲ್ಫ್ವೆನ್ ತಮ್ಮದೇ ಸಿದ್ಧಾಂತದ ವಿರುದ್ಧ ಎಚ್ಚರಿಸಿದ್ದೇಕೆ?

ಪ್ರಶ್ನೆ

ಪದವಿ ವಿದ್ಯಾರ್ಥಿಗಳಿಗೆ ಪ್ಲಾಸ್ಮಾ (ವಿದ್ಯುದಾವೇಶದ ಕಣಗಳಿಂದ ಕೂಡಿದ ಅನಿಲ) ಭೌತವಿಜ್ಞಾನವನ್ನು ಪರಿಚಯಿಸುವ ಪಾಠವೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಸ್ವೀಡನ್ನಿನ ಹಾನೆಸ್ ಆಲ್ಫ್ವೆನ್ (1908–1995) ಅವರಿಂದ ಆರಂಭಿಸಬೇಕೆಂಬುದು ನನ್ನ ಆಸೆ. ಆದರೆ ಓದುತ್ತ ಹೋದಂತೆ ಗೊಂದಲ ಹೆಚ್ಚಿದೆ. 1942ರಲ್ಲಿ ಅವರು ಮುಂದಿಟ್ಟ ಅಲೆಗಳನ್ನು ಹಲವು ವರ್ಷ ಯಾರೂ ಗಂಭೀರವಾಗಿ ಪರಿಗಣಿಸಲಿಲ್ಲ. 1970ರಲ್ಲಿ ಅದೇ ಕ್ಷೇತ್ರದ ಕೆಲಸಕ್ಕೆ ನೊಬೆಲ್ ಪ್ರಶಸ್ತಿ ಬಂದಿತು. ಆ ಹೊತ್ತಿಗೆ ಅವರೇ ತಮ್ಮ ಪ್ರಸಿದ್ಧ ಕಲ್ಪನೆಯೊಂದನ್ನು ನಂಬಬೇಡಿ ಎನ್ನತೊಡಗಿದ್ದರು. ಇದನ್ನು ವಿದ್ಯಾರ್ಥಿಗಳಿಗೆ ಹೇಗೆ ವಿವರಿಸಲಿ? ಮಹಾಸ್ಫೋಟ ಸಿದ್ಧಾಂತವನ್ನು ಅವರು ವಿರೋಧಿಸಿದ್ದನ್ನು ಪಾಠದಲ್ಲಿ ಸೇರಿಸಬೇಕೇ?

ಉತ್ತರ 1

ಮೊದಲು ಅಲೆಯ ವಿಚಾರವನ್ನು ತೆಗೆದುಕೊಳ್ಳೋಣ, ಏಕೆಂದರೆ ಅಂದಿನವರ ಅಪನಂಬಿಕೆಗೆ ಬಲವಾದ ಕಾರಣವಿತ್ತು. ವಿದ್ಯುತ್ಕಾಂತೀಯ ಅಲೆ ಒಳ್ಳೆಯ ವಾಹಕವೊಂದಕ್ಕೆ ಬಡಿದರೆ ಮೇಲ್ಪದರದಲ್ಲೇ ಕ್ಷೀಣಿಸಿ ಹೋಗುತ್ತದೆ. ಇದು ಆಗಲೇ ಪಠ್ಯಪುಸ್ತಕದ ಮಾತಾಗಿತ್ತು. ವಾಹಕವು ದ್ರವವಾಗಿದ್ದು ಅದರೊಳಗೆ ಕಾಂತಕ್ಷೇತ್ರವೂ ಇದ್ದರೆ ಪರಿಸ್ಥಿತಿ ಬೇರೆಯಾಗುತ್ತದೆ ಎಂಬುದೇ ಆಲ್ಫ್ವೆನ್ ಕಂಡುಕೊಂಡ ಹೊಸ ಸಂಗತಿ. ಚಲಿಸುವ ದ್ರವದಲ್ಲಿ ವಿದ್ಯುತ್ಪ್ರವಾಹ ಹುಟ್ಟುತ್ತದೆ, ಆ ಪ್ರವಾಹದ ಮೇಲೆ ಕಾಂತಕ್ಷೇತ್ರ ಬಲ ಪ್ರಯೋಗಿಸುತ್ತದೆ, ಆ ಬಲ ದ್ರವವನ್ನು ಮೊದಲಿದ್ದ ಸ್ಥಾನಕ್ಕೆ ಎಳೆಯುತ್ತದೆ. ವೀಣೆಯ ತಂತಿಯನ್ನು ಮೀಟಿದಂತೆ ಬಲರೇಖೆ (ಕಾಂತಕ್ಷೇತ್ರದ ದಿಕ್ಕನ್ನು ತೋರಿಸುವ ಕಾಲ್ಪನಿಕ ಗೆರೆ) ಕಂಪಿಸುತ್ತದೆ. ಬಿಗಿತವನ್ನು ಕಾಂತಕ್ಷೇತ್ರ ಒದಗಿಸುತ್ತದೆ, ತೂಕವನ್ನು ದ್ರವ ಒದಗಿಸುತ್ತದೆ. ಆದ್ದರಿಂದಲೇ ಕಾಂತಕ್ಷೇತ್ರ ಇಮ್ಮಡಿಯಾದರೆ ಅಲೆಯ ವೇಗವೂ ಇಮ್ಮಡಿಯಾಗುತ್ತದೆ, ಸಾಂದ್ರತೆ ನಾಲ್ಕು ಪಟ್ಟಾದರೆ ವೇಗ ಅರ್ಧಕ್ಕೆ ಇಳಿಯುತ್ತದೆ. ಸೂರ್ಯನ ಹೊರ ವಾತಾವರಣವಾದ ಕರೋನಾದಲ್ಲಿ ಈ ವೇಗ ಸೆಕೆಂಡಿಗೆ ನೂರಾರು ಕಿಲೋಮೀಟರ್. ಭೂಮಿಯ ಬಳಿಯ ಸೌರಮಾರುತದಲ್ಲಿ (ಸೂರ್ಯನಿಂದ ಹೊರಹರಿಯುವ ಪ್ಲಾಸ್ಮಾದಲ್ಲಿ) ಸುಮಾರು 50 ಕಿಲೋಮೀಟರ್.

1948ರಲ್ಲಿ ಷಿಕಾಗೋದಲ್ಲಿ ಆಲ್ಫ್ವೆನ್ ಉಪನ್ಯಾಸ ನೀಡಿದಾಗ ಹೆಸರಾಂತ ಭೌತವಿಜ್ಞಾನಿ ಎನ್ರಿಕೋ ಫರ್ಮಿ ಇದನ್ನು ಒಪ್ಪಿ ತಲೆಯಾಡಿಸಿದರೆಂದೂ ಅಲ್ಲಿಂದ ಮುಂದೆ ಉಳಿದವರೂ ಒಪ್ಪಿದರೆಂದೂ ಈ ಕ್ಷೇತ್ರದಲ್ಲಿ ಹೇಳುವ ಪ್ರಸಂಗವೊಂದಿದೆ. ಇದು ಸೊಗಸಾದ ಕಥೆ, ಆದರೆ ಪಾಠದಲ್ಲಿ ಅದಕ್ಕಿಂತ ಪ್ರಯೋಗಗಳಿಗೆ ಹೆಚ್ಚಿನ ಜಾಗ ಕೊಡಿ. 1949ರಲ್ಲಿ ಸ್ಟಿಗ್ ಲುಂಡ್‌ಕ್ವಿಸ್ಟ್ ಪಾದರಸದಲ್ಲಿಯೂ 1954ರಲ್ಲಿ ಬೋ ಲೇನರ್ಟ್ ದ್ರವ ಸೋಡಿಯಂನಲ್ಲಿಯೂ ಈ ಅಲೆಗಳನ್ನು ಎಬ್ಬಿಸಿ ತೋರಿಸಿದರು.

ಇಂದಿಗೂ ಅಲೆಯ ವೇಗವೇ ಸೂರ್ಯನ ವಾತಾವರಣದ ಎಲ್ಲೆಯನ್ನು ನಿರ್ಧರಿಸುತ್ತದೆ. ಸೌರಮಾರುತದ ವೇಗ ಈ ಅಲೆಯ ವೇಗವನ್ನು ಮೀರಿದ ಮೇಲೆ ಯಾವ ಅಲೆಯೂ ಸೂರ್ಯನ ಕಡೆಗೆ ಮರಳಲಾರದು. ಆ ಗಡಿಯನ್ನು ನಾಸಾದ ಪಾರ್ಕರ್ ನೌಕೆ 2021ರ ಏಪ್ರಿಲ್ 28ರಂದು, ಸೂರ್ಯನಿಂದ ಅದರ ತ್ರಿಜ್ಯದ ಸುಮಾರು 19 ಪಟ್ಟು ದೂರದಲ್ಲಿ, ಮೊದಲ ಬಾರಿಗೆ ದಾಟಿ ಒಳಹೊಕ್ಕಿತು. ಆ ಗಡಿಗೆ ಇಟ್ಟಿರುವ ಹೆಸರೂ ಆಲ್ಫ್ವೆನ್ ಅವರದೇ.

ಉತ್ತರ 2

ಮೇಲಿನ ವಿವರಣೆಯನ್ನು ಪೂರ್ಣವಾಗಿ ಒಪ್ಪುತ್ತೇನೆ. ನಿಮ್ಮ ಪ್ರಶ್ನೆಯ ತಿರುಳು ಮಾತ್ರ ‘ಹೆಪ್ಪುಗಟ್ಟಿದ ಬಲರೇಖೆ’ಯ ಕಲ್ಪನೆಯಲ್ಲಿದೆ. ಪ್ಲಾಸ್ಮಾ ಪರಿಪೂರ್ಣ ವಾಹಕವಾಗಿದ್ದರೆ ಬಲರೇಖೆಗಳು ಅದಕ್ಕೆ ಅಂಟಿಕೊಂಡಂತೆ ಅದರ ಜೊತೆಯಲ್ಲೇ ಸಾಗುತ್ತವೆ ಎಂದು ತೋರಿಸಿದವರು ಆಲ್ಫ್ವೆನ್. ಖಗೋಳವಿಜ್ಞಾನಿಗಳು ಇದನ್ನು ಎಷ್ಟು ಮೆಚ್ಚಿದರೆಂದರೆ, ಷರತ್ತನ್ನು ಮರೆತು ಎಲ್ಲೆಡೆಯೂ ಬಳಸತೊಡಗಿದರು. ವಿರಳವಾದ ಪ್ಲಾಸ್ಮಾದಲ್ಲಿ ಬಲರೇಖೆಯ ಉದ್ದಕ್ಕೂ ವಿದ್ಯುತ್ ಕ್ಷೇತ್ರ ಹುಟ್ಟಬಹುದು, ಹಾಗಾದಾಗ ಈ ಅಂಟು ಬಿಟ್ಟುಹೋಗುತ್ತದೆ ಎಂದು ಆಲ್ಫ್ವೆನ್ ಮತ್ತೆ ಮತ್ತೆ ಹೇಳಿದರು. ಬರಿಯ ಸಮೀಕರಣಗಳಿಂದ ಕಟ್ಟಿದ ಪ್ಲಾಸ್ಮಾಕ್ಕೂ ಪ್ರಯೋಗಾಲಯದಲ್ಲಿ ಕಾಣುವ ಪ್ಲಾಸ್ಮಾಕ್ಕೂ ಇರುವ ಅಂತರವನ್ನು ನೊಬೆಲ್ ಉಪನ್ಯಾಸದಲ್ಲಿಯೇ ಎತ್ತಿ ತೋರಿಸಿದರು.

ಈ ನಿಷ್ಠುರತೆಯ ಮೂಲ ಅವರ ಆರಂಭದ ದಿನಗಳಲ್ಲಿದೆ ಎಂದು ನನಗೆ ಅನಿಸುತ್ತದೆ. ಧ್ರುವಪ್ರಭೆಯನ್ನು (ಧ್ರುವಗಳ ಬಳಿಯ ಆಕಾಶದಲ್ಲಿ ಕಾಣುವ ಬಣ್ಣದ ಬೆಳಕನ್ನು) ಕುರಿತ ಅವರ ಸಿದ್ಧಾಂತ, ಆಗ ಮನ್ನಣೆ ಪಡೆದಿದ್ದ ಭೂಭೌತವಿಜ್ಞಾನಿ ಸಿಡ್ನಿ ಚಾಪ್ಮನ್ ಅವರ ವಿಚಾರಕ್ಕೆ ಹೊಂದದ ಕಾರಣ, ಸುಲಭವಾಗಿ ಪ್ರಕಟಣೆ ಕಾಣಲಿಲ್ಲ. ಬಾಹ್ಯಾಕಾಶದಿಂದ ಬಲರೇಖೆಗಳ ಗುಂಟ ವಿದ್ಯುತ್ಪ್ರವಾಹಗಳು ಇಳಿದುಬರುತ್ತವೆ ಎಂಬ ನಾರ್ವೆಯ ವಿಜ್ಞಾನಿ ಬಿರ್ಕ್‌ಲಾಂಡ್ ಅವರ ವಿಚಾರವನ್ನು ಆಲ್ಫ್ವೆನ್ ಎತ್ತಿಹಿಡಿದಿದ್ದರು. ಅವರ ಮಾತು ನಿಜವೆಂದು 1960ರ ದಶಕದ ಉಪಗ್ರಹಗಳ ಅಳತೆಗಳಿಂದ ತಿಳಿದುಬಂದಿತು. ಸೊಗಸಾದ ಗಣಿತವೂ ತಪ್ಪಾಗಬಹುದು ಎಂಬುದು ಅವರಿಗೆ ಸ್ವಂತ ಅನುಭವವಾಗಿತ್ತು.

ಆದರೆ ಅವರ ಅನುಮಾನ ಎಲ್ಲ ಕಡೆಯೂ ಸರಿಯಾಗಿರಲಿಲ್ಲ. ಬಲರೇಖೆಗಳು ತುಂಡಾಗಿ ಮತ್ತೆ ಬೆಸೆದುಕೊಳ್ಳುವ ಕಾಂತೀಯ ಮರುಜೋಡಣೆಯನ್ನೂ ಅವರು ಒಪ್ಪಲಿಲ್ಲ. 2015ರಲ್ಲಿ ಉಡಾಯಿಸಿದ ನಾಸಾದ ನಾಲ್ಕು ಎಂಎಂಎಸ್ ಉಪಗ್ರಹಗಳ ತಂಡ ಅದನ್ನು ಎಲೆಕ್ಟ್ರಾನುಗಳ ಮಟ್ಟದಲ್ಲಿಯೇ ಅಳೆದಿದೆ.

ಉತ್ತರ 3

ವಿಶ್ವವಿಜ್ಞಾನದ ವಿಷಯವನ್ನು ಸೇರಿಸಿ, ಆದರೆ ಒಂದೇ ಪುಟದಲ್ಲಿ ಮುಗಿಸಿ. ದ್ರವ್ಯ ಮತ್ತು ಪ್ರತಿದ್ರವ್ಯ (ದ್ರವ್ಯವನ್ನು ತಾಗಿದರೆ ಎರಡೂ ನಾಶವಾಗಿ ವಿಕಿರಣವಾಗುವಂಥದು) ವಿಶ್ವದಲ್ಲಿ ಸಮಪ್ರಮಾಣದಲ್ಲಿವೆ ಎಂಬ ಮಾದರಿಯನ್ನು, ಮಹಾಸ್ಫೋಟ ಸಿದ್ಧಾಂತಕ್ಕೆ ಬದಲಾಗಿ, ಅವರು ಭೌತವಿಜ್ಞಾನಿ ಆಸ್ಕರ್ ಕ್ಲೈನ್ ಅವರೊಂದಿಗೆ ರೂಪಿಸಿದರು. ಹಾಗಿದ್ದರೆ ಎರಡರ ಗಡಿಗಳಲ್ಲಿ ಹುಟ್ಟಬೇಕಾದ ಗಾಮಾ ಕಿರಣಗಳು ಕಾಣಬೇಕಿತ್ತು, ಅವು ಕಾಣಲಿಲ್ಲ. ಆಕಾಶದ ಎಲ್ಲ ದಿಕ್ಕಿನಿಂದಲೂ ಬರುವ ಸೂಕ್ಷ್ಮತರಂಗ ಹಿನ್ನೆಲೆ ವಿಕಿರಣವನ್ನೂ ಈ ಮಾದರಿ ತೃಪ್ತಿಕರವಾಗಿ ವಿವರಿಸಲಿಲ್ಲ.

ಅವರ ವೃತ್ತಿಜೀವನದ ಇನ್ನೊಂದು ಮುಖವನ್ನೂ ದಯವಿಟ್ಟು ಬಿಡಬೇಡಿ. ಪರಮಾಣು ಶಕ್ತಿಯ ನೀತಿಯ ಬಗ್ಗೆ ಸ್ವೀಡನ್ ಸರ್ಕಾರದೊಂದಿಗೆ ಭಿನ್ನಾಭಿಪ್ರಾಯ ಬೆಳೆದು, 1967ರಲ್ಲಿ ದೇಶ ಬಿಟ್ಟು ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋಗೆ ಹೋದರು. ಅಣ್ವಸ್ತ್ರಗಳ ವಿರುದ್ಧ ವಿಜ್ಞಾನಿಗಳನ್ನು ಒಗ್ಗೂಡಿಸುವ ಪಗ್‌ವಾಷ್ ಸಂಘಟನೆಯ ಅಧ್ಯಕ್ಷರಾಗಿಯೂ ಕೆಲಸ ಮಾಡಿದರು.

ಪ್ರಶ್ನೆ ಕೇಳಿದವರು

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಒಂದು ಸಂದೇಹ ಉಳಿದಿದೆ: ಬಲರೇಖೆ ಎಲ್ಲಿಯವರೆಗೆ ಪ್ಲಾಸ್ಮಾಕ್ಕೆ ಅಂಟಿಕೊಂಡಿರುತ್ತದೆ ಎಂಬುದನ್ನು ವಿದ್ಯಾರ್ಥಿಗಳು ತಾವೇ ಲೆಕ್ಕ ಹಾಕುವಂತಹ ಉದಾಹರಣೆ ಇದೆಯೇ?

ಉತ್ತರ 1

ಖಂಡಿತ ಇದೆ, ಅದೂ ನಾನು ಹೇಳಿದ ಎರಡು ಪ್ರಯೋಗಗಳಲ್ಲೇ ಇದೆ. ವ್ಯವಸ್ಥೆಯ ಗಾತ್ರ, ಅಲೆಯ ವೇಗ, ವಿದ್ಯುದ್ವಾಹಕತೆ ಮತ್ತು ಕಾಂತೀಯ ಸ್ಥಿರಾಂಕ ಇವುಗಳ ಗುಣಲಬ್ಧಕ್ಕೆ ಲುಂಡ್‌ಕ್ವಿಸ್ಟ್ ಸಂಖ್ಯೆ ಎನ್ನುತ್ತಾರೆ. ಅದು ದೊಡ್ಡದಾದಷ್ಟೂ ಅಂಟು ಗಟ್ಟಿ. ಚಿಕ್ಕದಾದರೆ ಅಲೆ ಹುಟ್ಟಿದಲ್ಲೇ ಸಾಯುತ್ತದೆ. ದ್ರವ ಸೋಡಿಯಂ ಪಾದರಸಕ್ಕಿಂತ ಸುಮಾರು 14 ಪಟ್ಟು ಹಗುರ, ಸುಮಾರು 10 ಪಟ್ಟು ಉತ್ತಮ ವಾಹಕ. ಒಂದೇ ಅಳತೆಯ ಪಾತ್ರೆ, ಒಂದೇ ಕಾಂತಕ್ಷೇತ್ರ ಎಂದಿಟ್ಟುಕೊಂಡು ಎರಡಕ್ಕೂ ಲೆಕ್ಕ ಹಾಕಿಸಿ. ಸೋಡಿಯಂನ ಸಂಖ್ಯೆ ಮೂವತ್ತು ಪಟ್ಟಿಗೂ ಹೆಚ್ಚು ಬರುತ್ತದೆ. ಪಾದರಸದ ನಂತರ ಸೋಡಿಯಂ ಏಕೆ ಬೇಕಾಯಿತೆಂಬುದು ಆ ಲೆಕ್ಕದಿಂದಲೇ ಅವರಿಗೆ ತಿಳಿಯುತ್ತದೆ.