ಅಪ್‌ಡೇಟ್: ಶಾಲೆಯಲ್ಲಿ ಮಕ್ಕಳ ವಾಂತಿ, ಕಾರಣ ಸಿಕ್ಕಿತು

ಪುಣೆಯಲ್ಲಿ ನನ್ನ ಮಗಳ ಶಾಲೆಯ ಮಕ್ಕಳು ಮಧ್ಯಾಹ್ನ ಊಟ ಆದಮೇಲೆ ಒಟ್ಟೊಟ್ಟಿಗೆ ವಾಂತಿ ಮಾಡಿಕೊಂಡರು, ಏನು ಮಾಡಲಿ ಅಂತ ಇಲ್ಲಿ ಕೇಳಿದ್ದೆ. ಈಗ ಎಲ್ಲರೂ ಆರಾಮಾಗಿದ್ದಾರೆ.

ಕೆಲಸಕ್ಕೆ ಬಂದಿದ್ದು, ಇಲ್ಲಿ ಉತ್ತರ ಕೊಡುತ್ತಾ ಪಟ್ಟಿ ಮಾಡಿ ಅಂದ ಒಬ್ಬ ಅಕ್ಕನ ಸಲಹೆ. ಯಾವ ಮಗು ಏನು ತಿಂದಿತು, ಎಷ್ಟು ಹೊತ್ತಿಗೆ ವಾಂತಿ ಶುರುವಾಯಿತು ಅಂತ ಬರೆದೆವು. ಏನೂ ಆಗದ ಮಕ್ಕಳದ್ದೂ ಬರೆಯಿರಿ ಅಂತ ಅವರು ಅಂದಿದ್ದರಲ್ವಾ, ಅದೇ ಮುಖ್ಯವಾಯಿತು. ಪಾಲಿಕೆಯ ಆರೋಗ್ಯ ವಿಭಾಗದವರು ಅದನ್ನು ನೋಡಿದ ಕೂಡಲೇ ಶಾಲೆಯಲ್ಲಿ ಬಡಿಸಿದ ಪುಲಾವ್ ಮೇಲೆ ಅನುಮಾನಪಟ್ಟರು: ತಿಂದವರಿಗೆ ಕೆಲವೇ ಗಂಟೆಯಲ್ಲಿ ವಾಂತಿ, ಮನೆ ಡಬ್ಬಿ ತಂದವರಿಗೆ ಏನೂ ಇಲ್ಲ. ಒಬ್ಬ ತಾಯಿ ಫ್ರಿಜ್‌ನಲ್ಲಿ ಇಟ್ಟಿದ್ದ ಉಳಿದ ಪುಲಾವ್ ಲ್ಯಾಬ್‌ಗೆ ಹೋಯಿತು. ಸಿಕ್ಕಿದ್ದು ಬ್ಯಾಸಿಲಸ್ ಸೆರಿಯಸ್ ಅನ್ನುವ ಬ್ಯಾಕ್ಟೀರಿಯಾ.

ನೀರಿನ ಟ್ಯಾಂಕ್ ಟೆಸ್ಟ್ ಮಾಡಿಸಿದೆವು, ಏನೂ ಸಿಗಲಿಲ್ಲ. ವಾಟ್ಸಾಪ್ ಗ್ರೂಪಿನಲ್ಲಿ ಸುಮ್ನೆ ಜಗಳ ಜಾಸ್ತಿಯಾಯಿತು, ಅಷ್ಟೇ.

ನನಗೆ ಗಾಬರಿಯಾದ ವಿಷಯ ಅಂದರೆ, ಈ ಬ್ಯಾಕ್ಟೀರಿಯಾದ ಬೀಜಕಣಗಳು (ಬಿಸಿ ತಡೆದುಕೊಳ್ಳುವ, ಬೀಜದಂಥ ಗಟ್ಟಿ ರೂಪ) ಅನ್ನ ಬೇಯಿಸಿದರೂ ಉಳಿಯುತ್ತವೆ, ಅನ್ನ ತುಂಬಾ ಹೊತ್ತು ಹೊರಗಿದ್ದರೆ ಬೆಳೆದು ವಿಷ ಬಿಡುತ್ತವೆ, ಆಮೇಲೆ ಮತ್ತೆ ಎಷ್ಟು ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಶಾಲೆಯ ಅಡುಗೆಯವರು ಪುಲಾವ್‌ಗೆ ಹಿಂದಿನ ರಾತ್ರಿಯ ಅನ್ನವನ್ನೇ ಬಳಸಿದ್ದರಂತೆ! ಈಗ ಅವತ್ತಿನದ್ದನ್ನು ಅವತ್ತೇ ಬೇಯಿಸಿ, ಬಡಿಸುವ ತನಕ 60 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾಗಿ ಇಡುತ್ತಾರೆ. ದಿನಾ ಊಟದ ಸ್ಯಾಂಪಲ್ ಕೂಡ ಫ್ರಿಜ್‌ನಲ್ಲಿ ತೆಗೆದಿಡುತ್ತಾರೆ.