‘ನೋಡುವ ಕಂಪ್ಯೂಟರ್’ ಎಂದರೆ ಎರಡರಲ್ಲಿ ಯಾವುದು?

ನಮಸ್ಕಾರ.

ಮನೆಯ ಒಂದೇ ವೈಫೈನಲ್ಲಿರುವ ಎರಡು ಕಂಪ್ಯೂಟರ್‌ಗಳ ನಡುವೆ ರಿಮೋಟ್ ಡೆಸ್ಕ್‌ಟಾಪ್ ಹೊಂದಿಸುವುದು ಹೇಗೆ ಅಂತ ಒಂದು ಪುಟ್ಟ ಕೈಪಿಡಿ ಬರೆಯುತ್ತಿದ್ದೇನೆ. ಅಂದರೆ ಒಂದರ ಮುಂದೆ ಕೂತು, ಇನ್ನೊಂದರ ಪರದೆಯನ್ನು ಇಲ್ಲೇ ತೆರೆದು ಅದರಲ್ಲಿ ಕೆಲಸ ಮಾಡುವುದು. ಹೊಂದಿಸುವುದೇನೂ ಕಷ್ಟವಲ್ಲ. ಅದನ್ನು ಕನ್ನಡದಲ್ಲಿ ಹೇಳಲು ಹೊರಟರೆ ಮಾತ್ರ ಯಾವ ಕಂಪ್ಯೂಟರ್ ಯಾವುದು ಎನ್ನುವುದೇ ಕಲಸಿಹೋಗುತ್ತದೆ. ‘ರಿಮೋಟ್ ಡೆಸ್ಕ್‌ಟಾಪ್’ ಎಂಬ ಹೆಸರಿನ ಬಗ್ಗೆ ನನ್ನ ತಕರಾರಿಲ್ಲ, ಅದು ಹಾಗೇ ಇರಲಿ. ‘ರಿಮೋಟ್ ಕೊಡಿ, ನಾನೇ ನೋಡ್ತೀನಿ’ ಅಂದರೆ ಟಿವಿ ರಿಮೋಟ್ ಅಲ್ಲ ಅಂತ ಈಗ ಎಲ್ಲರಿಗೂ ಗೊತ್ತು. ನನಗೆ ಬೇಕಿರುವುದು ಎರಡು ಯಂತ್ರಗಳಿಗೆ ಎರಡು ಹೆಸರು.

ತೊಡಕು ಎಲ್ಲಿದೆ ನೋಡಿ. ‘ಕನೆಕ್ಟ್ ಮಾಡುವ ಕಂಪ್ಯೂಟರ್‌ನಲ್ಲಿ ಈ ಸೆಟ್ಟಿಂಗ್ ಆನ್ ಮಾಡಿ’ ಅಂತ ಬರೆದರೆ ಯಾವುದರಲ್ಲಿ ಆನ್ ಮಾಡಬೇಕು? ಯಾವುದರಿಂದ ಕನೆಕ್ಟ್ ಮಾಡುತ್ತೇವೋ ಅದರಲ್ಲಾ, ಯಾವುದಕ್ಕೆ ಮಾಡುತ್ತೇವೋ ಅದರಲ್ಲಾ? ಎರಡು ಅರ್ಥಕ್ಕೂ ವಾಕ್ಯ ಸರಿಯಾಗಿಯೇ ಇದೆ. ‘ನೋಡುವ ಕಂಪ್ಯೂಟರ್’ ಕೂಡ ಹಾಗೇ. ಬರೆಯುವ ಹುಡುಗಿ, ಬರೆಯುವ ಪತ್ರ, ಬರೆಯುವ ಪೆನ್ನು, ಬರೆಯುವ ಮೇಜು: ಇವುಗಳಲ್ಲಿ ‘ಬರೆಯುವ’ ಬದಲಾಗುವುದೇ ಇಲ್ಲ. ಹುಡುಗಿ ಬರೆಯುತ್ತಾಳೆ, ಪತ್ರವನ್ನು ಬರೆಯುತ್ತಾಳೆ, ಪೆನ್ನಿನಿಂದ, ಮೇಜಿನ ಮೇಲೆ ಎಂಬ ವಿಭಕ್ತಿಗಳೆಲ್ಲ ಉದುರಿಹೋಗಿರುತ್ತವೆ. ಪತ್ರ ಬೇರೆ, ಪೆನ್ನು ಬೇರೆ, ಹಾಗಾಗಿ ಓದುವವರು ತಾವೇ ಸರಿಯಾಗಿ ಊಹಿಸಿಕೊಳ್ಳುತ್ತಾರೆ. ಇಲ್ಲಿ ಎರಡೂ ಕಂಪ್ಯೂಟರೇ ಆಗಿರುವುದರಿಂದ ಊಹೆಗೆ ಆಧಾರವೇ ಇಲ್ಲ. ‘ಕನೆಕ್ಟ್ ಮಾಡಲ್ಪಡುವ’ ಅಂತ ಬರೆಯುವುದಂತೂ ಬೇಡ, ದಯವಿಟ್ಟು.

ಹೋಸ್ಟ್ (ಯಾವುದಕ್ಕೆ ಕನೆಕ್ಟ್ ಮಾಡುತ್ತೇವೋ ಅದು), ಕ್ಲೈಂಟ್ (ಯಾವುದರಿಂದ ಮಾಡುತ್ತೇವೋ ಅದು) ಅನ್ನಬಹುದಲ್ವಾ ಎಂದು ಕೆಲವರು ಕೇಳಬಹುದು. ಪರಿಣತರಿಗೆ ಸರಿ. ಕೈಪಿಡಿ ಬೇಕಾಗಿರುವವರಿಗೆ ಈ ಎರಡು ಮಾತಿನಿಂದ ಏನೂ ಹೊಳೆಯುವುದಿಲ್ಲ. ‘ಆತಿಥೇಯ’, ‘ಅತಿಥಿ’ ಎಂದು ಕನ್ನಡಿಸಿದರೆ ಅವಸರದ ಓದಿನಲ್ಲಿ ಒಂದು ಇನ್ನೊಂದಾಗುತ್ತದೆ. ಸಾಲದ್ದಕ್ಕೆ ಗೆಸ್ಟ್ ಅಕೌಂಟ್ ಎಂಬುದು ಬೇರೆಯೇ ಇದೆ. ಇನ್ನು ಸರ್ವರ್ ಎಂಬ ಮಾತು. ಪ್ರೋಗ್ರಾಂಗಳ ಕಿಟಕಿಗಳನ್ನು ಪರದೆಯ ಮೇಲೆ ತೋರಿಸುವ, 1984ರಲ್ಲಿ ಎಂಐಟಿಯಲ್ಲಿ ಶುರುವಾದ ಎಕ್ಸ್ ವಿಂಡೋ ಸಿಸ್ಟಂನಲ್ಲಿ ಪರದೆ, ಕೀಬೋರ್ಡ್ ಇರುವ ಕಡೆ ನಡೆಯುವುದೇ ಸರ್ವರ್, ದೂರದಲ್ಲಿ ಓಡುವ ಪ್ರೋಗ್ರಾಂ ಕ್ಲೈಂಟ್. ವಿಂಡೋಸ್‌ನ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಇದು ಉಲ್ಟಾ. ಇಂಗ್ಲಿಷ್‌ನಲ್ಲೇ ಇಷ್ಟು ಗೊಂದಲವಿದ್ದರೆ ಅದನ್ನೇ ಕನ್ನಡಕ್ಕೆ ತಂದು ಏನು ಲಾಭ?

‘ಈ ಕಂಪ್ಯೂಟರ್’, ‘ಆ ಕಂಪ್ಯೂಟರ್’ ತುಂಬಾ ಸಹಜ. ಆದರೆ ಕನೆಕ್ಟ್ ಆದ ಮೇಲೆ ಕಣ್ಣೆದುರಿನ ಪರದೆ ತುಂಬ ಇರುವುದು ‘ಆ’ ಕಂಪ್ಯೂಟರ್. ಆಗ ಅದೇ ‘ಈ’ ಆಗಿಬಿಡುತ್ತದೆ. ‘ಎದುರಿನ ಕಂಪ್ಯೂಟರ್’ ಇನ್ನೂ ಕಷ್ಟ. ಎದುರಿಗಿರುವ ತಟ್ಟೆ ನನ್ನದು, ಎದುರು ಮನೆ ಬೇರೆಯವರದು. ‘ಈಚೆ’, ‘ಆಚೆ’ ಚೆನ್ನಾಗಿದೆ ಅನ್ನಿಸಿತ್ತು. ಆದರೆ ಬೆಂಗಳೂರು, ಮೈಸೂರು ಕಡೆಯ ಮಾತಿನಲ್ಲಿ ‘ಆಚೆ’ ಅಂದರೆ ಹೊರಗೆ. ಈ ವಿಷಯದಲ್ಲಿ ‘ಹೊರಗೆ’ ಅಂದರೆ ಇಂಟರ್ನೆಟ್! ಮನೆಯೊಳಗೆ 192.168 ಎಂದು ಶುರುವಾಗುವ ವಿಳಾಸಕ್ಕೆ ಕನೆಕ್ಟ್ ಆಗುವುದು ಒಂದು. ರೂಟರ್‌ನಲ್ಲಿ ರಿಮೋಟ್ ಡೆಸ್ಕ್‌ಟಾಪ್‌ನ ಬಾಗಿಲಾದ 3389ನೇ ಪೋರ್ಟ್ ತೆರೆದಿಟ್ಟು ಇಂಟರ್ನೆಟ್‌ನಿಂದ ಬರುವವರಿಗೆಲ್ಲ ದಾರಿ ಬಿಡುವುದು ಇನ್ನೊಂದು. ಎರಡನೆಯದನ್ನು ಯಾರೂ ಮಾಡಬಾರದು. ಅದಕ್ಕೇ ‘ಆಚೆ’ ಕೈಬಿಟ್ಟೆ.

ಸದ್ಯಕ್ಕೆ ಹೀಗೆ ಬರೆಯುತ್ತಿದ್ದೇನೆ: ‘ನೀವು ಕೂತಿರುವ ಕಂಪ್ಯೂಟರ್’, ‘ಕೆಲಸ ನಡೆಯುವ ಕಂಪ್ಯೂಟರ್’. ಉದ್ದ ಜಾಸ್ತಿ, ನಿಜ. ಆದರೆ ಕೂರುವವರು ನೀವು, ನಡೆಯುವುದು ಕೆಲಸ ಅಂತ ಒಳಗೇ ಹೇಳಿರುವುದರಿಂದ ಇನ್ನೊಂದು ಅರ್ಥಕ್ಕೆ ಜಾಗವಿಲ್ಲ. ಕೆಲವು ಸಾಲು ನೋಡಿ:

‘ಕೆಲಸ ನಡೆಯುವ ಕಂಪ್ಯೂಟರ್‌ನಲ್ಲಿ ವಿಂಡೋಸ್ ಪ್ರೊ ಇರಬೇಕು, ನೀವು ಕೂತಿರುವುದರಲ್ಲಿ ಹೋಮ್ ಇದ್ದರೂ ಸಾಕು. ಕೆಲಸ ನಡೆಯುವ ಕಂಪ್ಯೂಟರ್ ಸ್ಲೀಪ್‌ಗೆ ಹೋಗದ ಹಾಗೆ ನೋಡಿಕೊಳ್ಳಿ. ಕೆಲಸ ನಡೆಯುವ ಕಂಪ್ಯೂಟರ್‌ನ ಅಕೌಂಟಿಗೆ ಪಾಸ್‌ವರ್ಡ್ ಇರಲೇಬೇಕು.’

ಓದಿದ ತಕ್ಷಣ ಯಾವುದರ ಬಳಿ ಹೋಗಬೇಕು ಅಂತ ತಿಳಿಯುತ್ತದೆ ಅಂದುಕೊಂಡಿದ್ದೇನೆ. ಇನ್ನೂ ಚಿಕ್ಕ ಜೋಡಿ ಯಾರಿಗಾದರೂ ಹೊಳೆದರೆ ತಿಳಿಸಿ.

ಪದಪಟ್ಟಿಗಳಲ್ಲಿ ಬರುವಂಥ ‘ತೆರೆ ಹಂಚಿಕೆ’ (ಸ್ಕ್ರೀನ್ ಶೇರಿಂಗ್) ಎಂಬುದನ್ನು ಇಲ್ಲಿ ಬಳಸಿಲ್ಲ. ಇದೇ ಕೆಲಸದ ಇನ್ನೊಂದು ವ್ಯವಸ್ಥೆಯಾದ ವಿಎನ್‌ಸಿಗೆ ಅದು ಒಪ್ಪುತ್ತದೆ, ಅಲ್ಲಿ ಎರಡೂ ಕಡೆಯವರು ಒಂದೇ ಪರದೆ ನೋಡುತ್ತಿರುತ್ತಾರೆ. ಮನೆಗಳಲ್ಲಿ ಬಳಸುವ ವಿಂಡೋಸ್‌ನಲ್ಲಿ ರಿಮೋಟ್ ಡೆಸ್ಕ್‌ಟಾಪ್ ಮೂಲಕ ಹೋದರೆ ಅಲ್ಲಿನ ಪರದೆಗೆ ಬೀಗ ಬೀಳುತ್ತದೆ. ಹಂಚಿಕೆ ಎಲ್ಲಿ ಬಂತು?

ಇನ್ನೊಂದು ಪ್ರಶ್ನೆ ಕ್ರಿಯಾಪದದ್ದು. ಡಿಸ್ಕನೆಕ್ಟ್ ಮತ್ತು ಸೈನ್ ಔಟ್ ಎರಡಕ್ಕೂ ‘ಹೊರಬನ್ನಿ’ ಎಂದು ಬರೆಯುವವರಿದ್ದಾರೆ. ಎರಡಕ್ಕೂ ದೊಡ್ಡ ವ್ಯತ್ಯಾಸವಿದೆ. ಡಿಸ್ಕನೆಕ್ಟ್ ಮಾಡಿದರೆ ತೆರೆದಿದ್ದ ಫೈಲು, ಓಡುತ್ತಿದ್ದ ಪ್ರೋಗ್ರಾಂ ಎಲ್ಲ ಅಲ್ಲಿ ಹಾಗೇ ಇರುತ್ತವೆ. ಮತ್ತೆ ಹೋದಾಗ ಬಿಟ್ಟಲ್ಲಿಂದಲೇ ಮುಂದುವರಿಸಬಹುದು. ಸೈನ್ ಔಟ್ ಮಾಡಿದರೆ ಎಲ್ಲ ಮುಚ್ಚಿಕೊಳ್ಳುತ್ತದೆ. ಕಿಟಕಿಯ ಮೂಲೆಯ ಗುಣಿಸು ಗುರುತು ಒತ್ತಿದರೆ ಆಗುವುದು ಮೊದಲನೆಯದು, ‘ಮುಚ್ಚಿ’ ಎಂದು ಬರೆದರೆ ಓದುಗರು ತಿಳಿಯುವುದು ಎರಡನೆಯದು. ಡಿಸ್ಕನೆಕ್ಟ್‌ಗೆ ‘ಬಿಟ್ಟು ಬನ್ನಿ’, ಸೈನ್ ಔಟ್‌ಗೆ ‘ಮುಗಿಸಿ ಬನ್ನಿ’ ಅಂದರೆ ಹೇಗೆ? ನನಗಂತೂ ಇಷ್ಟವಾಗಿದೆ. ಗುಂಡಿಯ ಮೇಲಿನ ಬರಹಕ್ಕೆ ತೀರಾ ಆಡುಮಾತಾಯಿತು ಅನ್ನುವವರು ಬೇರೆ ಜೋಡಿ ಸೂಚಿಸಲಿ. ಆದರೆ ಜೋಡಿಯಾಗಿಯೇ ಸೂಚಿಸಿ, ಒಂಟಿ ಪದ ಬೇಡ.

ಹಾಗೆ ಬಿಟ್ಟು ಬಂದಾಗ ಅಲ್ಲಿ ಉಳಿಯುತ್ತದಲ್ಲ, ಆ ಸೆಷನ್‌ಗೆ ಏನನ್ನೋಣ? ‘ಅಧಿವೇಶನ’ ಅಂದರೆ ಶಾಸಕರು ಬಂದು ಕೂರುತ್ತಾರೆ, ‘ಗೋಷ್ಠಿ’ ಅಂದರೆ ಕವಿಗಳು. ‘ಕಲಾಪ’ವೂ ಅದೇ ಜಾಡಿನದು. ಸುಮ್ನೆ ‘ಸೆಷನ್’ ಎಂದೇ ಬಿಡುವುದಕ್ಕೂ ನಾನು ತಯಾರು. ನೀವು ಈಗಾಗಲೇ ಬಳಸುತ್ತಿರುವ ಪದ ಇದ್ದರೆ, ಅದನ್ನು ಒಂದು ಪೂರ್ತಿ ವಾಕ್ಯದಲ್ಲಿಟ್ಟು ಬರೆಯಿರಿ.