.32 ಲೈಸೆನ್ಸಿಗೆ ರಿವಾಲ್ವರೋ ಪಿಸ್ತೂಲೋ?

ಕಾಫಿಸೀಮೆ: .38, .455, 9 ಎಂ.ಎಂ. ಎಲ್ಲ ನಿಷೇಧಿತ ಬೋರ್, ಅಂದರೆ ಸಾಮಾನ್ಯರಿಗೆ ಲೈಸೆನ್ಸ್ ಸಿಗದ ನಳಿಗೆಯ ಅಳತೆ. ಆತ್ಮರಕ್ಷಣೆಯ ಲೈಸೆನ್ಸಿಗೆ ಸಾಮಾನ್ಯವಾಗಿ ಉಳಿಯುವುದು .32 ಅನ್ನಬಹುದು. .22 ಇದ್ದರೂ ಅದನ್ನು ಲೆಕ್ಕಕ್ಕೆ ಇಡುತ್ತಿಲ್ಲ. ತೋಟದೊಳಗಿನ ಒಂಟಿಮನೆಗೆ ಕಾನ್ಪುರದ .32 ರಿವಾಲ್ವರ್ ತಗೊಳ್ಳೋದೋ, ಅಶನಿ ಪಿಸ್ತೂಲೋ? ಪಿಸ್ತೂಲಿನ ಮ್ಯಾಗಜೀನಿಗೆ 8 ತೋಟೆ, ರಿವಾಲ್ವರಿಗೆ 6. ಅಷ್ಟಕ್ಕೇ ಪಿಸ್ತೂಲು ಮೇಲು ಅನ್ನಬಹುದಾ?

ನಳಿಗೆ: ಮೊದಲು ಒಂದು ವಿಷಯ. ಎರಡಕ್ಕೂ .32 ಅಂತಲೇ ಹೆಸರು, ಆದರೆ ತೋಟೆ ಬೇರೆ ಬೇರೆ. ರಿವಾಲ್ವರಿನದು .32 ಸ್ಮಿತ್ ಅಂಡ್ ವೆಸನ್ ಲಾಂಗ್, ಪಿಸ್ತೂಲಿನದು .32 ಎಸಿಪಿ. ಅಂಗಡಿಯಲ್ಲಿ ಬರೀ ".32 ಕೊಡಿ" ಅನ್ನಬೇಡಿ. ಲಾಂಗ್‌ನ ಗುಂಡು ಸುಮಾರು 6.4 ಗ್ರಾಂ, ನಿಧಾನ. ಎಸಿಪಿಯದು ಸುಮಾರು 4.6 ಗ್ರಾಂ, ವೇಗ ಜಾಸ್ತಿ. ಸಾಮಾನ್ಯ ತೋಟೆಯಲ್ಲಿ ಎರಡರ ಶಕ್ತಿಯೂ 175–180 ಜೂಲ್ ಆಸುಪಾಸಿಗೇ ಬಂದು ನಿಲ್ಲುತ್ತದೆ. ಗಿಡ್ಡ ನಳಿಗೆಯಲ್ಲಿ ಇನ್ನೂ ಕಡಿಮೆ. ಹಾಗಾಗಿ "ಯಾವುದಕ್ಕೆ ಹೊಡೆತ ಹೆಚ್ಚು" ಅನ್ನುವ ಜಗಳ ಇಲ್ಲಿ ನಡೆಯೋದೇ ಇಲ್ಲ.

ಹಳೇಕೋವಿ: ಒಂಟಿಮನೆಗೆ ರಿವಾಲ್ವರ್. ಕಾರಣ ಕೇಪು, ಅಂದರೆ ತೋಟೆಯ ಬುಡದಲ್ಲಿ ಕಿಡಿ ಹೊತ್ತಿಸುವ ಪುಟ್ಟ ಬಟ್ಟಲು. ನಮ್ಮಲ್ಲಿ ತೋಟೆ ಬೀರುವಿನಲ್ಲಿ ವರ್ಷಗಟ್ಟಲೆ ಕೂರುತ್ತದೆ, ಮಳೆಗಾಲದ ತೇವ ಬೇರೆ. ಕೇಪು ಸಿಡಿಯದಿದ್ದರೆ ರಿವಾಲ್ವರಿನಲ್ಲಿ ಮತ್ತೊಮ್ಮೆ ಟ್ರಿಗರ್ ಎಳೆದರೆ ಸಾಕು, ಸಿಲಿಂಡರ್ ತಿರುಗಿ ಹೊಸ ತೋಟೆ ಎದುರಿಗೆ ಬರುತ್ತದೆ. ಪಿಸ್ತೂಲಿನಲ್ಲಿ ಮ್ಯಾಗಜೀನಿನ ಬುಡ ತಟ್ಟಿ ಸ್ಲೈಡ್ ಎಳೆಯಬೇಕು. ಅದಕ್ಕೆ ಎರಡು ಕೈ ಬೇಕು, ಕತ್ತಲಲ್ಲಿ ಒಂದು ಕೈಯಲ್ಲಿ ಟಾರ್ಚ್ ಇರುತ್ತದೆ.

ಗುರಿಗಾರ: ಟಾರ್ಚಿನ ಮಾತು ಒಪ್ಪಿದೆ. ಆದರೆ ರಿವಾಲ್ವರಿನ ಡಬಲ್ ಆಕ್ಷನ್ ಎಳೆತ, ಅಂದರೆ ಟ್ರಿಗರಿನಿಂದಲೇ ಹ್ಯಾಮರ್ ಏರಿಸಿ ಹೊಡೆಯುವುದು, ಎಷ್ಟು ಭಾರ ಅಂತ ಯಾಕೆ ಹೇಳಲಿಲ್ಲ? ಅಭ್ಯಾಸವಿಲ್ಲದವನು ಎಳೆಯುವಾಗ ನಳಿಗೆ ಕೆಳಕ್ಕೂ ಪಕ್ಕಕ್ಕೂ ವಾಲುತ್ತದೆ, 7 ಮೀಟರಿನಲ್ಲೇ ಗುಂಡು ಗುರಿಯ ಹೊರಗೆ. ಹ್ಯಾಮರ್ ಹಿಂದಕ್ಕೆಳೆದು ಸಿಂಗಲ್ ಆಕ್ಷನ್ ಮಾಡಿಕೊಂಡರೆ ಟ್ರಿಗರ್ ಹಗುರ, ನಿಜ. ಆದರೆ ಹೆದರಿದ ಕೈಯಲ್ಲಿ ಹ್ಯಾಮರ್ ಏರಿಸಿದ ರಿವಾಲ್ವರ್ ಇರುವಷ್ಟು ಅಪಾಯ ಬೇರಿಲ್ಲ. ಹೊಡೆಯದೆ ಹ್ಯಾಮರ್ ಇಳಿಸುವಾಗ ಹೆಬ್ಬೆರಳು ಜಾರಿದರೆ ಗುಂಡು ಹಾರಿದಂತೆಯೇ.

ಮೇಸ್ತ್ರಿ: ರಿವಾಲ್ವರ್ ಕೈಕೊಡುವುದೇ ಇಲ್ಲ ಅನ್ನುವುದು ತಪ್ಪು ತಿಳಿವಳಿಕೆ. ಕೈಕೊಡುವುದು ಅಪರೂಪ, ಕೊಟ್ಟರೆ ಅಲ್ಲೇ ಮನೆಯಲ್ಲಿ ರಿಪೇರಿ ಆಗುವುದಿಲ್ಲ. ಕಾನ್ಪುರದ ಹಳೆಯ ಮಾದರಿ, ಅಲ್ಲಿಯದೇ ಹಗುರ ರಿವಾಲ್ವರ್ ನಿರ್ಭೀಕ್ ಎರಡೂ ನಡು ಮುರಿದು ತೆರೆಯುವಂಥವು, ಬ್ರಿಟಿಷರ ವೆಬ್ಲಿ ರಿವಾಲ್ವರಿನ ವಂಶದವು. ಖಾಲಿ ತೋಟೆ ತೆಗೆಯುವಾಗ ನಳಿಗೆಯನ್ನು ಮೇಲಕ್ಕೆ ಎತ್ತಿ, ಜೋರಾಗಿ ಒಂದೇ ಸಲಕ್ಕೆ ಮುರಿಯಬೇಕು. ನಳಿಗೆ ಕೆಳಗಿಟ್ಟು ಮೆಲ್ಲಗೆ ಮುರಿದರೆ ಒಂದು ಖಾಲಿ ತೋಟೆ, ತೋಟೆಗಳನ್ನು ಹೊರತಳ್ಳುವ ಎಕ್ಸ್‌ಟ್ರಾಕ್ಟರ್ ನಕ್ಷತ್ರದ ಕೆಳಗೆ ಜಾರಿಕೊಳ್ಳುತ್ತದೆ. ಆಮೇಲೆ ಕೋವಿ ಮುಚ್ಚುವುದಿಲ್ಲ, ಉಗುರಿನಿಂದ ಕೆದಕುತ್ತಾ ಕೂರಬೇಕು. ನಕ್ಷತ್ರದಡಿ ಸುಡದೆ ಉಳಿದ ಮದ್ದಿನ ಚೂರು ಸೇರಿದರೂ ಸಿಲಿಂಡರ್ ಬಿಗಿಯುತ್ತದೆ. ಹಳೇ ಟೂತ್‌ಬ್ರಷ್ ಇಟ್ಟುಕೊಳ್ಳಿ. ಎಣ್ಣೆ ಒಂದೇ ಹನಿ ಸಾಕು. ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗೆ ಎಣ್ಣೆ ಸುರಿದ ಹಾಗೆ ಇದಕ್ಕೆ ಸುರಿಯಬೇಡಿ, ಎಣ್ಣೆ ಕೇಪಿಗಿಳಿದರೆ ತೋಟೆ ಸತ್ತಂತೆ.

2023ರಲ್ಲಿ ಬಂದ ಪ್ರಬಲ್ ರಿವಾಲ್ವರಿನಲ್ಲಿ ಸಿಲಿಂಡರ್ ಪಕ್ಕಕ್ಕೆ ತೆರೆಯುತ್ತದೆ. ತೋಟೆ ತೆಗೆಯುವಾಗ ನಳಿಗೆ ಮೇಲಿರಬೇಕು ಅನ್ನುವ ಮಾತು ಅದಕ್ಕೂ ಸಲ್ಲುತ್ತದೆ.

ಕಾಫಿಸೀಮೆ: ಪಿಸ್ತೂಲಿನ ಜಾಮ್ ಬಗ್ಗೆಯೂ ಹೀಗೇ ಬಿಡಿಸಿ ಹೇಳಿ.

ನಳಿಗೆ: ಎಸಿಪಿ ತೋಟೆಗೆ ಒಂದು ಹುಟ್ಟುಗುಣ ಇದೆ: ಬುಡದ ಅಂಚು ಮೈಗಿಂತ ಒಂಚೂರು ಹೊರಚಾಚಿದೆ. ಮ್ಯಾಗಜೀನಿನಲ್ಲಿ ಮೇಲಿನ ತೋಟೆಯ ಅಂಚು ಕೆಳಗಿನದರ ಅಂಚಿನ ಹಿಂದಕ್ಕೆ ಸರಿದರೆ ಒಂದಕ್ಕೊಂದು ಕೊಕ್ಕೆ ಹಾಕಿಕೊಳ್ಳುತ್ತವೆ. ಸ್ಲೈಡ್ ಎಷ್ಟು ಎಳೆದರೂ ತೋಟೆ ಮುಂದಕ್ಕೆ ಬರುವುದಿಲ್ಲ. ಆಗ ತಟ್ಟಿ ಎಳೆಯುವ ಉಪಾಯ ನಡೆಯದು, ಮ್ಯಾಗಜೀನನ್ನೇ ಹೊರತೆಗೆದು ಬಿಡಿಸಬೇಕು. ಆದ್ದರಿಂದ ತುಂಬುವಾಗ ಪ್ರತಿ ತೋಟೆಯ ಅಂಚು ಕೆಳಗಿನದಕ್ಕಿಂತ ಮುಂದೆ ಕೂತಿದೆಯೇ ಅಂತ ಬೆರಳಿಟ್ಟು ನೋಡಿ. ಉದ್ದ ಕಡಿಮೆಯಿರುವ ತೋಟೆಯಲ್ಲಿ ಈ ಕಾಟ ಹೆಚ್ಚು.

ಎರಡನೆಯದು ಹಿಡಿತ. ಬ್ಲೋಬ್ಯಾಕ್ ಪಿಸ್ತೂಲಿನಲ್ಲಿ ಸ್ಲೈಡನ್ನು ತೋಟೆಯ ಒತ್ತಡವೇ ಹಿಂದಕ್ಕೆ ತಳ್ಳುತ್ತದೆ. ಮಣಿಕಟ್ಟು ಸಡಿಲವಾದರೆ ಇಡೀ ಪಿಸ್ತೂಲು ಹಿಂದೆ ಬಂದು ಸ್ಲೈಡ್ ಪೂರ್ತಿ ಓಡುವುದಿಲ್ಲ, ಖಾಲಿ ತೋಟೆ ಬಾಯಲ್ಲೇ ಸಿಕ್ಕಿಕೊಳ್ಳುತ್ತದೆ. ಬ್ಲೋಬ್ಯಾಕಿನ ಸ್ಪ್ರಿಂಗೂ ಗಟ್ಟಿ. ಮನೆಯ ಹಿರಿಯರಿಗೆ ಸ್ಲೈಡ್ ಎಳೆಯಲಾಗದಿದ್ದರೆ ಅವರ ಪಾಲಿಗೆ ಅದು ಕಬ್ಬಿಣದ ತುಂಡು.

ಗುರಿಗಾರ: ಸಲಹೆ ಬದಲಿಸುತ್ತೇನೆ. ವರ್ಷಕ್ಕೆ ನಾಲ್ಕಾರು ಸಲ ರೇಂಜಿಗೆ ಹೋಗುವವರಿಗೆ ಪಿಸ್ತೂಲು. ಹೋಗದವರಿಗೆ ಅದನ್ನು ಹೇಳಲಾರೆ. ಲೈಸೆನ್ಸ್ ಪುಸ್ತಕದಲ್ಲಿ ಬರೆದಷ್ಟೇ ತೋಟೆ ಸಿಗುವುದು, ಅದರಲ್ಲೇ ಅಭ್ಯಾಸಕ್ಕೂ ಎತ್ತಿಡಬೇಕು.

ಹಳೇಕೋವಿ: ಅದೇ ನನ್ನ ವಾದವೂ. ಅಭ್ಯಾಸಕ್ಕೆ ತೋಟೆ ಕಡಿಮೆ ಇದ್ದಾಗ ಕಲಿಯಬೇಕಾದ ಕೆಲಸ ಕಡಿಮೆ ಇರುವುದನ್ನೇ ಆರಿಸಬೇಕು.

ಮೇಸ್ತ್ರಿ: ರಿವಾಲ್ವರ್‌ನವರು ಇಷ್ಟು ಮಾತ್ರ ನೆನಪಿಡಿ. ಮತ್ತೊಮ್ಮೆ ಎಳೆದರಾಯಿತು ಅನ್ನುವುದು ಟಿಕ್ ಅಂದು ಸುಮ್ಮನಾದ ತೋಟೆಗೆ ಮಾತ್ರ. ಸದ್ದು ಮೆತ್ತಗೆ ಬಂದು ಹಿಂದೊದೆತ ಬಾರದಿದ್ದರೆ ಗುಂಡು ನಳಿಗೆಯೊಳಗೇ ಸಿಕ್ಕಿರಬಹುದು. ಅದರ ಹಿಂದೆ ಇನ್ನೊಂದು ಹೊಡೆದರೆ ನಳಿಗೆ ಉಬ್ಬುತ್ತದೆ, ಇಲ್ಲವೇ ಸೀಳುತ್ತದೆ. ರೇಂಜಿನಲ್ಲಿ ತೋಟೆ ಸಿಡಿಯದಿದ್ದರೆ ಆತುರ ಬೇಡ. ಗುರಿಯತ್ತಲೇ ಹಿಡಿದು ಕನಿಷ್ಠ 30 ಸೆಕೆಂಡ್ ಕಾಯಿರಿ, ತಡವಾಗಿ ಸಿಡಿಯುವ ತೋಟೆ ಇರುತ್ತದೆ. ಸಿಲಿಂಡರಿಗೂ ನಳಿಗೆಗೂ ನಡುವಿನ ಸಂದಿಯ ಪಕ್ಕ ಬೆರಳು ಬೇಡ. ಅಲ್ಲಿಂದ ಬರುವ ಬಿಸಿ ಅನಿಲ ಚರ್ಮ ಸೀಳುತ್ತದೆ.

ಕೋರ್ಟುದಾರಿ: ಕಾನೂನಿನ ಎರಡು ಮಾತು. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ ಕೋವಿ, ಲೈಸೆನ್ಸ್ 5 ವರ್ಷಕ್ಕೆ. ಈಗಾಗಲೇ ತೋಟ ಕಾಯಲು ಎರಡು ಕೋವಿ ಇದ್ದವರು ಮೊದಲು ಒಂದನ್ನು ಬಿಟ್ಟುಕೊಡಬೇಕು. ಕೊಡವರಿಗೂ ಕೊಡಗಿನ ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಇರುವ ಲೈಸೆನ್ಸ್ ವಿನಾಯಿತಿಯ ಷರತ್ತು ಬೇರೆ, ಅದು 2029ರ ಅಕ್ಟೋಬರ್‌ವರೆಗೆ. ಇನ್ನು ಗುಂಡು ಹಾರಿಸಿದ ಮೇಲಿನ ಮಾತು: ಭಾರತೀಯ ನ್ಯಾಯ ಸಂಹಿತೆಯ 37ನೇ ಕಲಂ ಪ್ರಕಾರ ರಕ್ಷಣೆಗೆ ಬೇಕಾದಷ್ಟೇ ಹಾನಿ ಮಾಡಬಹುದು. ಓಡಿಹೋಗುತ್ತಿರುವ ಕಳ್ಳನ ಬೆನ್ನಿಗೆ ಹೊಡೆದವರನ್ನು ಆ ಕಲಂ ಕಾಯುವುದು ಕಷ್ಟ. 6 ತೋಟೆ, 8 ತೋಟೆ ಅನ್ನುವ ಲೆಕ್ಕಕ್ಕೆ ಕೋರ್ಟಿನಲ್ಲಿ ಬೆಲೆಯಿಲ್ಲ, ಪ್ರತಿಯೊಂದಕ್ಕೂ ಕಾರಣ ಕೇಳುತ್ತಾರೆ.

ಕಾಫಿಸೀಮೆ: ಹಾಗಾದರೆ ರಿವಾಲ್ವರ್. ಮನೆಯಲ್ಲಿ 9 ವರ್ಷದ ಮಗು ಇದೆ, ಹೇಗೆ ಇಡುವುದು?

ಮೇಸ್ತ್ರಿ: ಗೋಡೆಗೆ ಬೋಲ್ಟ್ ಹಾಕಿದ ಉಕ್ಕಿನ ಪೆಟ್ಟಿಗೆ, ತೋಟೆ ಬೇರೆ ಬೀಗದಲ್ಲಿ. ಡಬಲ್ ಆಕ್ಷನ್ ಎಳೆತ ಭಾರ, ಮಗುವಿಗೆ ಆಗದು ಅಂತ ನಂಬಬೇಡಿ. ಮಕ್ಕಳು ಎರಡು ಹೆಬ್ಬೆರಳು ಸೇರಿಸಿ ಎಳೆಯುತ್ತಾರೆ, ಆಗ ನಳಿಗೆ ಅವರ ಎದೆಗೇ ನೆಟ್ಟಿರುತ್ತದೆ.

ಗುರಿಗಾರ: ಪಿಸ್ತೂಲು ಇಟ್ಟವರೂ ಕೇಳಿ. ಮೊದಲು ಮ್ಯಾಗಜೀನ್ ತೆಗೆಯಿರಿ, ಆಮೇಲೆ ಸ್ಲೈಡ್ ಎಳೆಯಿರಿ, ಕೊನೆಗೆ ನಳಿಗೆಯ ಬುಡದಲ್ಲಿ ತೋಟೆ ಕೂರುವ ಚೇಂಬರಿಗೆ ಕಿರುಬೆರಳು ಹಾಕಿ ಖಾಲಿ ಇದೆಯೇ ನೋಡಿ. ಮೊದಲೆರಡು ಅದಲುಬದಲಾದರೆ ಎಳೆದ ಸ್ಲೈಡೇ ಚೇಂಬರಿಗೆ ಇನ್ನೊಂದು ತೋಟೆ ತುಂಬಿರುತ್ತದೆ, ಕೈಯಲ್ಲಿ ಮಾತ್ರ ತೆಗೆದ ಮ್ಯಾಗಜೀನ್ ಇರುತ್ತದೆ.